ದಡ ದಾಟಿದ ಮೇಲೆ

ನಮ್ಮದು ಸಮುದ್ರದಿಂದ ನೂರೈವತ್ತು ಮೈಲಿ ಒಳಗಿನ ರಾಗಿಯ ಸೀಮೆ. ತೆನೆ ಬಲಿತು, ಕುಡುಗೋಲು ಮಸೆದು, ಇನ್ನೇನು ಕೊಯ್ಲಿಗೆ ಇಳಿಯಬೇಕು ಎನ್ನುವ ಹೊತ್ತಿಗೆ ಕೆಲವು ವರ್ಷ ಆಕಾಶ ಮಂಕಾಗಿ, ಗುಡುಗು ಮಿಂಚುಗಳ ಸದ್ದಿಲ್ಲದೆ, ಮೂರು ದಿನ ಒಂದೇ ಸಮನೆ ಜಡಿಮಳೆ ಹಿಡಿಯುತ್ತಿತ್ತು. ಸಮುದ್ರವನ್ನು ಜನ್ಮದಲ್ಲಿ ಕಂಡವಳಲ್ಲದ ನನ್ನ ಅಜ್ಜಿ ಜಗಲಿಯ ಮೇಲೆ ಕುಳಿತು, "ಮದರಾಸಿನ ಕಡೆ ತುಫಾನೆದ್ದಿರಬೇಕು ಕಣಪ್ಪ" ಎನ್ನುತ್ತಿದ್ದಳು. ಸಂಜೆ ಬಾನುಲಿಯ ವಾರ್ತೆಯಲ್ಲಿ ಅವಳ ಮಾತು ನಿಜವಾಗುತ್ತಿತ್ತು. ಚಂಡಮಾರುತವು ಕರಾವಳಿಯನ್ನು ದಾಟಿ ದುರ್ಬಲಗೊಂಡಿದೆ ಎಂದು ಗಂಭೀರ ಧ್ವನಿಯೊಂದು ತಿಳಿಸಿ, ಮುಂದಿನ ಸುದ್ದಿಗೆ ಹೋಗಿಬಿಡುತ್ತಿತ್ತು. ವಾರ್ತೆಯ ಪಾಲಿಗೆ ಅಲ್ಲಿಗೆ ಕಥೆ ಮುಗಿಯಿತು. ನಮ್ಮ ಪಾಲಿಗೆ ಆಗ ಮೊದಲಾಗುತ್ತಿತ್ತು. ಮೆದೆ ನೆನೆದು, ತೆನೆಯಲ್ಲೇ ಕಾಳು ಮೊಳಕೆಯೊಡೆದು, ವರ್ಷದ ಅನ್ನ ಕಪ್ಪಾಗುತ್ತಿತ್ತು.

'ದುರ್ಬಲಗೊಂಡಿದೆ' ಎಂಬ ಆ ಒಂದು ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಕೊಂಡಿತು. ದಡ ದಾಟಿದ ಚಂಡಮಾರುತ ಎಲ್ಲಿಗೆ ಹೋಗುತ್ತದೆ? ಅದರ ಬೆನ್ನು ಹತ್ತಿ ಹೋದವರು ಯಾರಾದರೂ ಇದ್ದಾರೆಯೆ? ಈ ಪ್ರಶ್ನೆಯನ್ನು ಹಿಡಿದು ಓದುತ್ತ ಹೋದಾಗ ನಾನು ಬಂದು ನಿಂತದ್ದು ಅಮೆರಿಕದ ಸಂಯುಕ್ತ ಸಂಸ್ಥಾನದ ಇತಿಹಾಸದಲ್ಲಿ. ಆ ನಾಡಿನವರು ತಮ್ಮ ಚಂಡಮಾರುತಗಳ ಹೆಜ್ಜೆಗುರುತನ್ನು ಇನ್ನೂರು ವರ್ಷಗಳಿಂದ ಒಂದಲ್ಲ ಒಂದು ರೀತಿಯಲ್ಲಿ ಬರೆದಿಟ್ಟುಕೊಂಡು ಬಂದಿದ್ದಾರೆ.

ಆ ಕೆಲಸವನ್ನು ಮೊದಲು ಮಾಡಿದವನು ವಿಜ್ಞಾನಿಯಲ್ಲ. ಕುದುರೆಯ ಜೀನು ಹೊಲಿಯುತ್ತಿದ್ದ ಒಬ್ಬ ಕಸುಬುದಾರ. ಹೆಸರು ವಿಲಿಯಂ ರೆಡ್‌ಫೀಲ್ಡ್. ಊರು ಕನೆಕ್ಟಿಕಟ್ ಸಂಸ್ಥಾನದ ಮಿಡ್ಲ್‌ಟೌನ್ ಬಳಿ. ತಂದೆ ನಾವಿಕ, ಚಿಕ್ಕಂದಿನಲ್ಲೇ ತೀರಿಕೊಂಡಿದ್ದ. ಹುಡುಗ ಹಗಲು ಚರ್ಮ ಹೊಲಿದು ರಾತ್ರಿ ಪುಸ್ತಕ ಓದಿ ಬೆಳೆದ. 1821ರ ಸೆಪ್ಟೆಂಬರ್ 3ರ ಸಂಜೆ ಅವನ ಊರಿನ ಮೇಲೆ ಭಾರಿ ಬಿರುಗಾಳಿ ಹಾಯಿತು. ಗಾಳಿ ಬಂದದ್ದು ಆಗ್ನೇಯದಿಂದ. ಸೇಬಿನ ಮರಗಳೂ ಕಾಡಿನ ಮರಗಳೂ ವಾಯವ್ಯಕ್ಕೆ ತಲೆಯಿಟ್ಟು ಮಲಗಿದ್ದವು. ಕೆಲವು ದಿನಗಳ ಮೇಲೆ ಅವನು ತನ್ನ ಹಿರಿಯ ಮಗನೊಡನೆ ಪಶ್ಚಿಮ ಮ್ಯಾಸಚೂಸೆಟ್ಸಿನ ಕಡೆಗೆ ಪ್ರಯಾಣ ಹೊರಟ. ದಾರಿಯುದ್ದಕ್ಕೂ ಬಿದ್ದ ಮರಗಳು. ಮುಂದೆ ಹೋದಂತೆ ಆ ಮರಗಳು ಬಿದ್ದಿರುವ ದಿಕ್ಕು ಬದಲಾಗುತ್ತಿರುವುದು ಅವನ ಕಣ್ಣಿಗೆ ಬಿತ್ತು. ಅಲ್ಲಿನ ಮರಗಳು ಆಗ್ನೇಯಕ್ಕೆ ತಲೆಯಿಟ್ಟಿದ್ದವು! ಊರಿನವರನ್ನು ವಿಚಾರಿಸಿದ. ತನ್ನೂರಿನಲ್ಲಿ ಆಗ್ನೇಯದ ಗಾಳಿ ಮನೆಗಳ ಮಾಡು ಹಾರಿಸುತ್ತಿದ್ದ ಅದೇ ಗಳಿಗೆಯಲ್ಲಿ, ಎಪ್ಪತ್ತು ಮೈಲಿಯೂ ದೂರವಿಲ್ಲದ ಈ ಊರುಗಳಲ್ಲಿ ವಾಯವ್ಯದ ಗಾಳಿ ಅಷ್ಟೇ ಬಲವಾಗಿ ಬೀಸಿತ್ತು. ಬಿರುಗಾಳಿಯೆಂದರೆ ನೇರವಾಗಿ ನುಗ್ಗುವ ಗಾಳಿಯಲ್ಲ, ತನ್ನ ಸುತ್ತ ತಾನೇ ತಿರುಗುತ್ತ ಮುಂದೆ ಸಾಗುವ ದೊಡ್ಡದೊಂದು ಬುಗುರಿ ಎಂಬುದು ಅವನಿಗೆ ಹೊಳೆದದ್ದು ಹೀಗೆ.

ಸಮುದ್ರದ ಮೇಲೆ ಈ ಸತ್ಯ ಅಷ್ಟು ಸುಲಭವಾಗಿ ಕಾಣುತ್ತಿರಲಿಲ್ಲ. ನೀರಿನ ಮೇಲೆ ಗಾಳಿ ಏನನ್ನೂ ಬರೆದಿಡುವುದಿಲ್ಲ. ನೆಲಕ್ಕೆ ಬಂದ ಮೇಲೆಯೇ ಅದು ಮರಗಳಿಂದ ತನ್ನ ಚರಿತ್ರೆಯನ್ನು ತಾನೇ ಬರೆಯಿತು. ಒಬ್ಬ ಜೀನುಗಾರ ಅದನ್ನು ಓದಿದ. ಓದಿದ್ದನ್ನು ಅವನು ಯಾರಿಗೂ ಹೇಳಿಕೊಳ್ಳಲಿಲ್ಲ ಎನ್ನುವುದು ನನಗೆ ಇನ್ನೂ ಸೋಜಿಗ. ಹತ್ತು ವರ್ಷ ಕಳೆದ ಮೇಲೆ ಉಗಿದೋಣಿಯೊಂದರಲ್ಲಿ ಯೇಲ್ ಕಾಲೇಜಿನ ಪ್ರಾಧ್ಯಾಪಕ ಡೆನಿಸನ್ ಓಮ್‌ಸ್ಟೆಡ್ ಅಕಸ್ಮಾತ್ತಾಗಿ ಸಿಕ್ಕಿದಾಗ ಮಾತು ಹೊರಬಿತ್ತು. ಆತನ ಒತ್ತಾಯದ ಮೇಲೆ 1831ರಲ್ಲಿ ಲೇಖನ ಅಚ್ಚಾಯಿತು. ಗಾಳಿ ನಾಲ್ಕು ದಿಕ್ಕಿನಿಂದಲೂ ನೇರವಾಗಿ ನಡುವಿಗೆ ನುಗ್ಗುತ್ತದೆ ಎಂದು ಜೇಮ್ಸ್ ಎಸ್ಪಿ ಎಂಬಾತ ವರ್ಷಗಟ್ಟಲೆ ಅವನೊಡನೆ ಜಗಳವಾಡಿದ. ಇಬ್ಬರಲ್ಲೂ ಅರ್ಧರ್ಧ ಸತ್ಯವಿತ್ತು. ಗಾಳಿ ಸುತ್ತುತ್ತಲೂ ಇರುತ್ತದೆ, ಸುತ್ತುತ್ತಲೇ ಒಳಕ್ಕೆ ಸರಿಯುತ್ತಲೂ ಇರುತ್ತದೆ.

ಈ ವಿದ್ಯೆಗೆ ಹೆಸರು ಬಂದದ್ದು ಮಾತ್ರ ನಮ್ಮ ದೇಶದಲ್ಲಿ. ಹಡಗಿನ ಕೆಲಸ ಬಿಟ್ಟು ಕಲ್ಕತ್ತೆಯಲ್ಲಿ ನೆಲೆಸಿದ್ದ ಹೆನ್ರಿ ಪಿಡಿಂಗ್‌ಟನ್ ಎಂಬ ಆಂಗ್ಲ ಬಂಗಾಳ ಕೊಲ್ಲಿಯ ಹಡಗುಗಳ ದಿನಚರಿಗಳನ್ನೆಲ್ಲ ಕಲೆಹಾಕಿ, ರೆಡ್‌ಫೀಲ್ಡನ ದಾರಿಯಲ್ಲೇ ನಡೆದು, 1848ರಲ್ಲಿ ನಾವಿಕರಿಗಾಗಿ ಕೈಪಿಡಿಯೊಂದನ್ನು ಬರೆದ. ಸುರುಳಿ ಸುತ್ತಿದ ಹಾವನ್ನು ನೆನಪಿಗೆ ತರುವ ಗ್ರೀಕ್ ಮಾತಿನಿಂದ 'ಸೈಕ್ಲೋನ್' ಎಂಬ ಶಬ್ದವನ್ನು ಟಂಕಿಸಿದವನು ಅವನೇ. ಆದರೆ ಅವನ ಓದುಗರು ನಾವಿಕರು. ಅಂದಿನಿಂದ ಬಹುಕಾಲದವರೆಗೆ ಚಂಡಮಾರುತದ ಶಾಸ್ತ್ರವೆಲ್ಲ ಹಡಗಿನವನ ಶಾಸ್ತ್ರ, ಬಂದರಿನವನ ಶಾಸ್ತ್ರ. ರೆಡ್‌ಫೀಲ್ಡ್ ಅದನ್ನು ಕಂಡುಕೊಂಡದ್ದು ಒಣನೆಲದ ಮೇಲೆ ಎಂಬುದು ಮರೆತೇಹೋಯಿತು.

1900ರ ಸೆಪ್ಟೆಂಬರ್ 8ರಂದು ಟೆಕ್ಸಾಸಿನ ಗ್ಯಾಲ್ವೆಸ್ಟನ್ ಪಟ್ಟಣವನ್ನು ಸಮುದ್ರ ನುಂಗಿದ ಕಥೆ ಪ್ರಸಿದ್ಧ. ಆರು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಜನ ಒಂದೇ ರಾತ್ರಿಯಲ್ಲಿ ಸತ್ತರು. ಅದೇ ಚಂಡಮಾರುತ ಆಮೇಲೆ ಬಯಲುಸೀಮೆಯನ್ನು ಹಾದು, ಮಹಾಸರೋವರಗಳ ಮೇಲೆ ಮತ್ತೆ ಬಿರುಸಾಗಿ, ಕೆನಡ ದಾಟಿ ಅಟ್ಲಾಂಟಿಕ್ ಸಾಗರಕ್ಕೆ ಇಳಿಯಿತೆಂಬುದು ಚರಿತ್ರೆಯ ಪುಸ್ತಕಗಳಲ್ಲಿ ಒಂದು ವಾಕ್ಯವಾಗಿ ಮಾತ್ರ ಉಳಿದಿದೆ. ಅಷ್ಟು ದೊಡ್ಡ ಶವರಾಶಿಯ ಮುಂದೆ ನಿಂತವರು ಮುಂದಿನ ದಾರಿಯನ್ನು ಎಲ್ಲಿ ನೋಡುತ್ತಾರೆ? ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ.

ಇಲ್ಲಿ ಒಂದು ಮಾತು ವಿವರಿಸಬೇಕು. ಚಂಡಮಾರುತದ ಕಸುವು ಬೆಚ್ಚನೆಯ ಕಡಲಿನ ನೀರಿನದು. ಆವಿ ಮೇಲೇರಿ ಮೋಡವಾಗುವಾಗ ಬಿಟ್ಟುಕೊಡುವ ಶಾಖವೇ ಅದರ ಒಲೆ. ನೆಲಕ್ಕೆ ಬಂದೊಡನೆ ಆ ಸೌದೆ ಒದಗುವುದು ನಿಲ್ಲುತ್ತದೆ. ಬೆಟ್ಟ ಗುಡ್ಡ ಕಾಡುಗಳು ಕಾಲಿಗೆ ತೊಡರುತ್ತವೆ. ಕೆಲವೇ ಗಂಟೆಗಳಲ್ಲಿ ಗಾಳಿಯ ವೇಗ ಅರ್ಧಕ್ಕೆ ಇಳಿಯುತ್ತದೆ. ವಾರ್ತೆಯವರು ದುರ್ಬಲವಾಯಿತೆನ್ನುವುದು ಈ ಗಾಳಿಯ ಲೆಕ್ಕದಲ್ಲಿ, ಅದು ಸುಳ್ಳೂ ಅಲ್ಲ. ಆದರೆ ಕಡಲಿನಿಂದ ಹೊತ್ತು ತಂದ ಆವಿ ಇನ್ನೂ ಆಕಾಶದಲ್ಲೇ ಇರುತ್ತದೆ. ದಾರಿಯಲ್ಲಿ ಬೆಟ್ಟಸಾಲೊಂದು ಅಡ್ಡ ನಿಂತರೆ, ಇಲ್ಲವೆ ಉತ್ತರದಿಂದ ತಣ್ಣನೆಯ ಗಾಳಿಯೊಂದು ಬಂದು ಎದುರಾದರೆ, ಅಷ್ಟೂ ನೀರು ಒಂದೆಡೆ ಸುರಿಯಬಹುದು. ಅಮೆರಿಕದ ಹವಾ ಇಲಾಖೆಯ ಹಳಬರಲ್ಲಿ ಒಂದು ಬಾಯಿಲೆಕ್ಕ ಇತ್ತು. ಚಂಡಮಾರುತ ಗಂಟೆಗೆ ಎಷ್ಟು ನಾಟಿಕಲ್ ಮೈಲಿ ನಡೆಯುತ್ತದೆಯೋ ಆ ಸಂಖ್ಯೆಯಿಂದ ನೂರನ್ನು ಭಾಗಿಸಿದರೆ ಬೀಳುವ ಮಳೆ ಅಂಗುಲಗಳಲ್ಲಿ ಸಿಗುತ್ತದಂತೆ. ಹತ್ತು ಮೈಲಿಯ ನಡಿಗೆಗೆ ಹತ್ತು ಅಂಗುಲ, ಐದಾದರೆ ಇಪ್ಪತ್ತು. ಈ ಲೆಕ್ಕದಲ್ಲಿ ಗಾಳಿಯ ಬಲಕ್ಕೆ ಜಾಗವೇ ಇಲ್ಲ ಎಂಬುದನ್ನು ಗಮನಿಸಬೇಕು. ದುರ್ಬಲವಾಗಿ ಕಾಲೆಳೆದು ನಡೆಯುವ ತುಫಾನು ಬಲಿಷ್ಠವಾಗಿ ಓಡುವ ತುಫಾನಿಗಿಂತ ಹೆಚ್ಚು ಸುರಿಯಬಲ್ಲದು.

1954ರ ಅಕ್ಟೋಬರಿನಲ್ಲಿ 'ಹೇಜಲ್' ಎಂಬ ಚಂಡಮಾರುತ ಕೆರೊಲಿನಾ ತೀರವನ್ನು ಬೆಳಿಗ್ಗೆ ಹೊಕ್ಕು, ಅದೇ ರಾತ್ರಿ ಕಡಲಿನಿಂದ ಅಷ್ಟು ದೂರದ ಟೊರಾಂಟೊ ನಗರದ ಹಂಬರ್ ನದಿಯನ್ನು ಉಕ್ಕಿಸಿ ಕೆನಡದಲ್ಲಿ 81 ಜನರನ್ನು ಬಲಿ ತೆಗೆದುಕೊಂಡಿತು. ಒಂದೇ ಬೀದಿಯಲ್ಲಿ 35 ಜನ ಕೊಚ್ಚಿಹೋದರು. ಆ ನಗರದವರು ಅದರಿಂದ ಪಾಠ ಕಲಿತರೆನ್ನಬೇಕು. ನದಿಯ ಪಾತ್ರದ ತಗ್ಗುಗಳಲ್ಲಿ ಮತ್ತೆ ಮನೆ ಕಟ್ಟಲು ಬಿಡಲಿಲ್ಲ. ಇಂದು ಅಲ್ಲಿ ಉದ್ಯಾನಗಳಿವೆ.

ನಾನು ಎಷ್ಟು ಸಲ ಓದಿದರೂ ಮನಸ್ಸು ಮರಗಟ್ಟುವುದು 1969ರ 'ಕೆಮಿಲ್' ಚಂಡಮಾರುತದ ಕಥೆ. ಆಗಸ್ಟ್ 17ರ ನಡುರಾತ್ರಿಗೆ ಸ್ವಲ್ಪ ಮುಂಚೆ ಅದು ಮಿಸಿಸಿಪ್ಪಿಯ ತೀರವನ್ನು ಬಡಿಯಿತು. ಇಪ್ಪತ್ತನಾಲ್ಕು ಅಡಿ ಎತ್ತರಕ್ಕೆ ಕಡಲು ಉಕ್ಕಿ ಊರುಗಳ ಮೇಲೆ ಹರಿಯಿತು. ಆ ದೇಶದ ತೀರವನ್ನು ಬಡಿದ ಅತ್ಯಂತ ಭೀಕರ ಚಂಡಮಾರುತಗಳಲ್ಲಿ ಅದೂ ಒಂದು. ಪತ್ರಿಕೆಯವರು, ಸೈನಿಕರು, ಪರಿಹಾರದವರು ಎಲ್ಲರೂ ದಕ್ಷಿಣದ ಕರಾವಳಿಗೆ ಧಾವಿಸಿದರು. ಚಂಡಮಾರುತ ಮಾತ್ರ ಉತ್ತರಕ್ಕೆ ನಡೆಯಿತು. ಮಿಸಿಸಿಪ್ಪಿ ಸಂಸ್ಥಾನವನ್ನು ದಾಟುವುದರೊಳಗೆ ಅದರ ಗಾಳಿ ಇಳಿದು, 'ಹರಿಕೇನ್' ಎಂಬ ಪದವಿ ಕಳೆದುಹೋಗಿ, ಬರಿಯ ವಾಯುಭಾರ ಕುಸಿತವಾಯಿತು. ಟೆನೆಸಿ, ಕೆಂಟಕಿಗಳ ಮೇಲೆ ಹಾದು ಆಗಸ್ಟ್ 19ರಂದು ಪೂರ್ವಕ್ಕೆ ತಿರುಗಿತು.

ಅಲ್ಲಿ ವರ್ಜೀನಿಯದ ಬ್ಲೂ ರಿಡ್ಜ್ ಬೆಟ್ಟಸಾಲಿದೆ. ಅದರ ಮಗ್ಗುಲಲ್ಲಿ ನೆಲ್ಸನ್ ಎಂಬ ಜಿಲ್ಲೆ. ಹನ್ನೆರಡು ಸಾವಿರದಷ್ಟು ಜನಸಂಖ್ಯೆಯ, ಸೇಬಿನ ತೋಟಗಳ, ಸಣ್ಣ ಹೊಳೆಗಳ ಮಲೆನಾಡು. ಸಮುದ್ರ ಅಲ್ಲಿಂದ ಬಹು ದೂರ. ಮಳೆ ಬರಬಹುದೆಂದು ಅಲ್ಲಿನವರಿಗೆ ಗೊತ್ತಿತ್ತು. ಇಂಥ ಮಳೆ ಬರುವುದೆಂಬ ಎಚ್ಚರಿಕೆಯನ್ನು ಯಾರೂ ಕೊಟ್ಟಿರಲಿಲ್ಲ. ಜನ ಊಟ ಮಾಡಿ ಮಲಗಿದರು. ರಾತ್ರಿ ಆರಂಭವಾದ ಮಳೆ ಬೆಳಗಿನ ಜಾವದವರೆಗೆ ನಿಲ್ಲಲಿಲ್ಲ. ಸುಮಾರು ಎಂಟು ಗಂಟೆಗಳಲ್ಲಿ ಬಿದ್ದದ್ದು ಕಡಿಮೆಯೆಂದರೂ 27 ಅಂಗುಲ. ನಮ್ಮ ರಾಗಿಯ ಸೀಮೆಯಲ್ಲಿ ಇಡೀ ವರ್ಷ ಬೀಳುವ ಮಳೆ ಹೆಚ್ಚುಕಡಿಮೆ ಅಷ್ಟೇ. ಉಸಿರಾಡಲು ಮೂಗಿನ ಮುಂದೆ ಕೈ ಅಡ್ಡ ಹಿಡಿಯಬೇಕಾಯಿತೆಂದೂ, ಮರದ ಕೊಂಬೆಗಳಲ್ಲೇ ಹಕ್ಕಿಗಳು ನೀರು ಕುಡಿದು ಸತ್ತವೆಂದೂ ಬದುಕಿ ಉಳಿದವರು ಹೇಳಿದ್ದು ಇಂದಿಗೂ ಆ ಸೀಮೆಯ ಬಾಯಿಮಾತಿನಲ್ಲಿದೆ.

ಹೊಳೆಗಳು ಉಕ್ಕಿದ್ದು ಅರ್ಧ ಕಥೆ. ಬೆಟ್ಟಗಳೇ ಜಾರಿದ್ದು ಇನ್ನರ್ಧ. ಮಣ್ಣು ನೀರು ಕುಡಿದು ಭಾರವಾಗಿ, ಮರ ಬಂಡೆಗಳ ಸಮೇತ ಇಳಿಜಾರಿನಿಂದ ಕಳಚಿಕೊಂಡು, ಕೆಳಗಿನ ಕಣಿವೆಗಳಲ್ಲಿ ಮಲಗಿದ್ದ ಮನೆಗಳನ್ನು ಹೊತ್ತುಕೊಂಡು ಹೋಯಿತು. ಸಾವಿರಾರು ವರ್ಷಗಳಲ್ಲಿ ಸವೆಯಬೇಕಾದ ಬೆಟ್ಟ ಒಂದೇ ರಾತ್ರಿಯಲ್ಲಿ ಸವೆಯಿತೆಂದು ಆಮೇಲೆ ಬಂದ ಭೂವಿಜ್ಞಾನಿಗಳು ಲೆಕ್ಕ ಹಾಕಿದರು. ಸೇತುವೆಗಳು ಮುರಿದು, ತಂತಿಗಳು ಕಡಿದುಹೋಗಿ, ಅಲ್ಲಿ ಏನಾಗಿದೆಯೆಂಬ ಸುದ್ದಿ ಹೊರಜಗತ್ತನ್ನು ತಲುಪಲು ಬಹಳ ಹೊತ್ತು ಹಿಡಿಯಿತು. ವರ್ಜೀನಿಯದಲ್ಲಿ ಸತ್ತವರು ಮತ್ತು ಕಾಣೆಯಾದವರು ಸೇರಿ ನೂರೈವತ್ತರ ಮೇಲೆ. ನೆಲ್ಸನ್ ಜಿಲ್ಲೆಯಲ್ಲೇ ನೂರಕ್ಕೆ ಒಬ್ಬರಂತೆ ಜನ ಹೋದರು. ಕೆಲವು ಮನೆತನಗಳಲ್ಲಿ ಅಳುವುದಕ್ಕೂ ಒಬ್ಬರು ಉಳಿಯಲಿಲ್ಲ. ಕಡಲ ಕಿನಾರೆಯಲ್ಲಿ, ಅಂಥ ಇಪ್ಪತ್ತನಾಲ್ಕು ಅಡಿಯ ಅಲೆಯ ಬಾಯಲ್ಲಿ ಸತ್ತವರ ಸಂಖ್ಯೆಗೂ ಇಲ್ಲಿನ ಸಂಖ್ಯೆಗೂ ಹೆಚ್ಚಿನ ಅಂತರವಿಲ್ಲ.

27 ಅಂಗುಲವೆಂಬ ಲೆಕ್ಕ ಸಿಕ್ಕಿದ ಬಗೆಯನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮಳೆ ಅತಿಯಾಗಿ ಬಿದ್ದ ಜಾಗದಲ್ಲಿ ಸರ್ಕಾರದ ಮಳೆಮಾಪಕ ಇರಲಿಲ್ಲ. ನೀರಿಳಿದ ಮೇಲೆ ಅಧಿಕಾರಿಗಳು ಉಳಿದ ಮನೆಗಳ ಅಂಗಳಗಳನ್ನು ಸುತ್ತಿದರು. ಬಕೆಟ್ಟು, ಪೀಪಾಯಿ, ದನದ ತೊಟ್ಟಿ, ಏನು ನಿಂತಿದ್ದರೂ ಅದರ ನೀರನ್ನು ಅಳೆದರು. ಅದು ನಿನ್ನೆ ಸಂಜೆ ಖಾಲಿಯಿತ್ತೆ, ಬಯಲಿನಲ್ಲಿತ್ತೆ, ಮಾಡಿನ ನೀರೇನಾದರೂ ಅದಕ್ಕೆ ಬಿತ್ತೆ ಎಂದು ವಿಚಾರಿಸಿದರು. ಮನೆ ಮಕ್ಕಳನ್ನು ಕಳೆದುಕೊಂಡವರ ನೆರೆಯವರನ್ನು, ನಿಮ್ಮ ಬಕೆಟ್ಟು ನಿನ್ನೆ ಖಾಲಿಯಿತ್ತೆ ಎಂದು ಕೇಳುವುದು ಎಂಥ ಕೆಲಸವಿರಬೇಕು! ಆದರೂ ಕೇಳಿದರು, ಬರೆದುಕೊಂಡರು. ಬಿದ್ದ ಮರಗಳ ದಿಕ್ಕನ್ನು ಎಣಿಸುತ್ತ ನಡೆದ ಜೀನುಗಾರನ ವಿದ್ಯೆಯೂ ಇದೇ ಜಾತಿಯದು.

ಆ ಕಾಲದಲ್ಲಿ ಮಯಾಮಿಯ ರಾಷ್ಟ್ರೀಯ ಚಂಡಮಾರುತ ಕೇಂದ್ರದ ನಿರ್ದೇಶಕನಾಗಿದ್ದವನು ರಾಬರ್ಟ್ ಸಿಂಪ್ಸನ್. ಆರು ವರ್ಷದ ಹುಡುಗನಾಗಿದ್ದಾಗಲೇ 1919ರ ಚಂಡಮಾರುತವನ್ನು ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯಲ್ಲಿ ಕಣ್ಣಾರೆ ಕಂಡವನು. ಹರ್ಬರ್ಟ್ ಸಾಫಿರ್ ಎಂಬ ಎಂಜಿನಿಯರನೊಡನೆ ಸೇರಿ ಅವನು ಒಂದರಿಂದ ಐದರವರೆಗಿನ ಅಂತಸ್ತುಗಳ ಅಳತೆಯನ್ನು 1970ರ ದಶಕದ ಮೊದಲಲ್ಲಿ ಬಳಕೆಗೆ ತಂದ. ಈಗ ಜಗತ್ತಿನ ಪತ್ರಿಕೆಗಳೆಲ್ಲ ಹೇಳುವ 'ನಾಲ್ಕನೆಯ ದರ್ಜೆ', 'ಐದನೆಯ ದರ್ಜೆ' ಎಂಬ ಮಾತು ಅಲ್ಲಿಂದ ಬಂದದ್ದು. ಸಾಮಾನ್ಯನಿಗೂ ಅರ್ಥವಾಗುವ ಒಳ್ಳೆಯ ಸಾಧನ, ಸಂದೇಹವಿಲ್ಲ. ಆದರೆ ಅದರಲ್ಲಿ ಮಳೆಗೆ ಸ್ಥಾನವಿಲ್ಲ. ಕೆಮಿಲ್ ಮಿಸಿಸಿಪ್ಪಿಯಲ್ಲಿ ಐದನೆಯ ದರ್ಜೆ. ನೆಲ್ಸನ್ ಜಿಲ್ಲೆಯ ರಾತ್ರಿಯಲ್ಲಿ ಅದಕ್ಕೆ ದರ್ಜೆಯೇ ಇರಲಿಲ್ಲ.

ಮೂರೇ ವರ್ಷ ಕಳೆಯಿತು. 1972ರ ಜೂನ್ 19ರಂದು 'ಆ್ಯಗ್ನಿಸ್' ಫ್ಲೋರಿಡದ ತೀರವನ್ನು ದಾಟಿತು. ಅದು ಮೊದಲನೆಯ ದರ್ಜೆ, ಎಂದರೆ ಚಂಡಮಾರುತಗಳಲ್ಲಿ ಸಾಧು ಪ್ರಾಣಿ. ಕರಾವಳಿಯವರು ನಿಟ್ಟುಸಿರು ಬಿಟ್ಟಿರಬೇಕು. ಅದು ಮೆಲ್ಲಗೆ ಉತ್ತರಕ್ಕೆ ಸರಿದು ಪೆನ್ಸಿಲ್ವೇನಿಯದ ಮೇಲೆ ಸುರಿಯಿತು. ವಿಲ್ಕ್ಸ್-ಬ್ಯಾರಿ ಪಟ್ಟಣವನ್ನು ಕಾಯುತ್ತಿದ್ದ ಒಡ್ಡು 37 ಅಡಿಯ ನೆರೆಗೆಂದು ಕಟ್ಟಿದ್ದು. ಸಸ್ಕ್ವೆಹಾನ ನದಿ 40 ಅಡಿ ದಾಟಿತು. ಪಕ್ಕದ ಫೋರ್ಟಿ ಫೋರ್ಟಿನ ಸ್ಮಶಾನದಲ್ಲಿ ಎರಡು ಸಾವಿರದಷ್ಟು ಶವಪೆಟ್ಟಿಗೆಗಳು ಮಣ್ಣಿನಿಂದ ಎದ್ದು ತೇಲಿದವು. ಸತ್ತವರನ್ನು ಎರಡನೆಯ ಸಲ ಹುಡುಕಿ ಹೂಳಬೇಕಾಯಿತು. ಅಂದಿನವರೆಗೆ ಆ ದೇಶಕ್ಕೆ ಅತ್ಯಂತ ಹೆಚ್ಚು ಆಸ್ತಿನಷ್ಟ ಮಾಡಿದ ಚಂಡಮಾರುತ ಈ ಸಾಧು ಪ್ರಾಣಿಯೇ.

1970ರಿಂದ 1999ರವರೆಗಿನ ಮೂವತ್ತು ವರ್ಷಗಳ ಸಾವುಗಳನ್ನು ಚಂಡಮಾರುತ ಕೇಂದ್ರದ ಎಡ್ವರ್ಡ್ ರ್‍ಯಾಪಪೋರ್ಟ್ ಒಂದೊಂದಾಗಿ ವಿಂಗಡಿಸಿ 2000ದಲ್ಲಿ ಪ್ರಕಟಿಸಿದ. ಅರ್ಧಕ್ಕಿಂತ ಹೆಚ್ಚು ಜನ ಸತ್ತದ್ದು ಮಳೆಯ ನೆರೆಯಿಂದ. ಎಲ್ಲರೂ ಹೆದರುವ ಕಡಲುಕ್ಕಿನಿಂದ ನೂರಕ್ಕೆ ಒಬ್ಬರು. ಮುಳುಗಿದವರಲ್ಲಿ ಅನೇಕರು ತಮ್ಮ ಮೋಟಾರುಗಳಲ್ಲೇ, ದಿನವೂ ಹಾಯುತ್ತಿದ್ದ ರಸ್ತೆಯ ನೀರಿನಲ್ಲೇ ಮುಳುಗಿದ್ದರು. 2005ರ 'ಕತ್ರಿನಾ' ಬಂದು ಈ ಪ್ರಮಾಣವನ್ನು ಮತ್ತೆ ಬದಲಾಯಿಸಿತೆಂಬುದು ಬೇರೆ ಮಾತು.

ನಮ್ಮಲ್ಲೂ ಈ ಕಥೆಯ ಒಂದು ಅಧ್ಯಾಯ ಇದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಉತ್ತರ ಕರ್ನಾಟಕದ ಒಣಸೀಮೆಯ ಮೇಲೆ ದಿನಗಟ್ಟಲೆ ಸುರಿದು ಇನ್ನೂರಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡಿತು. ತುಂಗಭದ್ರೆ ಮಂತ್ರಾಲಯದ ಒಳಗೆ ನುಗ್ಗಿತು; ಕರ್ನೂಲು ಮುಳುಗಿತು. ಚಂಡಮಾರುತದ ದರ್ಜೆಗೆ ಏರದ ಆ ಮಳೆಗೆ ಹೆಸರಿಟ್ಟವರಿಲ್ಲ. ಹೆಸರಿಲ್ಲದ್ದನ್ನು ನೆನಪಿಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ಆ ನೆರೆಯ ಬಗ್ಗೆ ಮಾತಾಡಹೊರಟಾಗಲೆಲ್ಲ ನನಗೆ ಅನಿಸಿದೆ. ಇಸವಿಯನ್ನು ಹಿಡಿದು ಹುಡುಕಬೇಕು.

ಈಗ ಉಪಗ್ರಹಗಳಿವೆ, ರೇಡಾರುಗಳಿವೆ. ದಡ ದಾಟಿದ ತುಫಾನನ್ನು ಅದರ ಕೊನೆಯ ಮೋಡದವರೆಗೆ ಹಿಂಬಾಲಿಸಿ, ಯಾವ ಕಣಿವೆಯಲ್ಲಿ ಎಷ್ಟು ಅಂಗುಲ ಬೀಳಬಹುದೆಂದು ಎಣಿಸಿ ಹೇಳುವ ಇಲಾಖೆಗಳೇ ಅಮೆರಿಕದಲ್ಲಿವೆ. 2017ರಲ್ಲಿ 'ಹಾರ್ವೆ' ಟೆಕ್ಸಾಸಿನ ಮೇಲೆ ಬೀಡುಬಿಟ್ಟು ಒಂದು ಕಡೆ 60 ಅಂಗುಲಕ್ಕೂ ಮೀರಿ ಸುರಿದಾಗ, ಹಾಗಾದೀತೆಂಬ ಮಾತು ಮೊದಲೇ ಬಂದಿತ್ತು. 1969ರ ರಾತ್ರಿಯ ಅಜ್ಞಾನ ಈಗ ಇಲ್ಲ. ಆದರೂ 2024ರ 'ಹೆಲೀನ್' ಕಥೆ ನನ್ನನ್ನು ನಿಲ್ಲಿಸುತ್ತದೆ.

ಅದು ಸೆಪ್ಟೆಂಬರ್ 26ರ ರಾತ್ರಿ ನಾಲ್ಕನೆಯ ದರ್ಜೆಯ ಬಲದಿಂದ ಫ್ಲೋರಿಡವನ್ನು ಹೊಕ್ಕು, ನಿಲ್ಲದೆ ಓಡಿ, ಮರುದಿನ ಬೆಳಿಗ್ಗೆ ಉತ್ತರ ಕೆರೊಲಿನಾದ ಬೆಟ್ಟಗಳನ್ನು ಮುಟ್ಟಿತು. ಬಾಯಿಲೆಕ್ಕದ ಪ್ರಕಾರ ಓಡುವ ತುಫಾನು ಹೆಚ್ಚು ಸುರಿಯಬಾರದು. ಆದರೆ ಅದು ಬರುವುದಕ್ಕೆ ಮುಂಚೆಯೇ ಎರಡು ದಿನ ಮಳೆ ಹಿಡಿದು ಬೆಟ್ಟಗಳು ತುಂಬಿ ನಿಂತಿದ್ದವು. ಬ್ಯುಸಿಕ್ ಎಂಬಲ್ಲಿ ಒಟ್ಟು 30 ಅಂಗುಲದ ಮೇಲೆ ದಾಖಲಾಯಿತು. ಹವಾ ಇಲಾಖೆ ಹಿಂದಿನ ದಿನವೇ ಸ್ಪಷ್ಟವಾಗಿ ಹೇಳಿತ್ತು, 1916ರ ಮಹಾನೆರೆಯ ಹೆಸರೆತ್ತಿ ಹೇಳಿತ್ತು. ಆ 1916ರ ಜುಲೈ ತಿಂಗಳ ನೆರೆಯೂ ಒಂದರ ಹಿಂದೊಂದು ಬಂದ ಎರಡು ತುಫಾನುಗಳ ಶೇಷದಿಂದಲೇ ಹುಟ್ಟಿದ್ದು. ಅಲ್ಟಪಾಸ್ ಎಂಬ ಊರಿನಲ್ಲಿ ಒಂದೇ ದಿನ 22 ಅಂಗುಲ ಬಿದ್ದಿತ್ತು. ಎಚ್ಚರಿಕೆ ಹೋಯಿತು. ಕೇಳಿದವರು ಎಷ್ಟು ಮಂದಿ, ಕೇಳಿದರೂ ಆ ಕಡಿದಾದ ಕಣಿವೆಗಳಿಂದ ರಾತ್ರಿಯಲ್ಲಿ ಎಲ್ಲಿಗೆ ಏರಿಹೋಗಬಹುದಿತ್ತು? ಆಶ್‌ವಿಲ್ ನಗರದಲ್ಲಿ ಫ್ರೆಂಚ್ ಬ್ರಾಡ್ ನದಿ 1916ರ ಗುರುತನ್ನೂ ಮೀರಿ ಏರಿತು. ಆ ಒಂದು ಸಂಸ್ಥಾನದಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು.

ಅಮೆರಿಕದ ಹವಾಮಾನದ ಹಳೆಯ ದಾಖಲೆಗಳೆಲ್ಲ, ಊರೂರಿನ ಮಳೆಯ ಲೆಕ್ಕದ ಪುಸ್ತಕಗಳು, ಹಡಗಿನ ದಿನಚರಿಗಳು, 1951ರಿಂದ ಒಂದೆಡೆ ಸೇರಿರುವುದು ಇದೇ ಆಶ್‌ವಿಲ್ ನಗರದಲ್ಲಿ. ಸಮುದ್ರದಿಂದ ದೂರ, ಬೆಟ್ಟಗಳ ನಡುವೆ. ಆ ವಾರ ಆ ಭಂಡಾರದ ಕೆಲಸ ನಿಂತುಹೋಯಿತು. ನಗರದಲ್ಲಿ ಕುಡಿಯುವ ನೀರಿರಲಿಲ್ಲ, ತಂತಿ ಸಂಪರ್ಕವಿರಲಿಲ್ಲ, ಅಲ್ಲಿನ ನೌಕರರಲ್ಲಿ ಯಾರು ಎಲ್ಲಿದ್ದಾರೆಂದು ಹುಡುಕುವುದೇ ಮೊದಲ ಕೆಲಸವಾಯಿತು. ಕಾಗದದ ಕಡತಗಳೂ ಫಿಲ್ಮುಗಳೂ ಮಾತ್ರ ನೆನೆಯದೆ ಉಳಿದವು. ಅವುಗಳ ನಡುವೆ ಎಲ್ಲೋ ಒಂದು ಕಡೆ, 1916ರ ಜುಲೈಯಲ್ಲಿ ಅಲ್ಟಪಾಸಿನ ವೀಕ್ಷಕನೊಬ್ಬ ಮಳೆಮಾಪಕವನ್ನು ಬಗ್ಗಿ ನೋಡಿ ಸಂಖ್ಯೆ ಬರೆದಿಟ್ಟ ಹಾಳೆಯೂ ಇರಬೇಕು.